ವೋಲ್ಟೇಜ್ ಸರಿ ಉಂಟು, ಆದ್ರೂ ಎಸಿ ನಿಲ್ತದೆ ಮಾರ್ರೆ

ಮಂಗಳೂರಲ್ಲಿ ವೈರಿಂಗ್ ಕೆಲಸಕ್ಕೆ ಇಳಿದವನಿಗೆ ಗಲ್ಫ್ ಸಾಮಾನಲ್ಲಿ ಬರುವ ದುಬೈ ಪ್ಲಗ್ ಗೊತ್ತಿಲ್ಲದಿದ್ರೆ ಊಟ ಹುಟ್ಟುದಿಲ್ಲ. ಮೂರು ಚಪ್ಪಟೆ ಪಿನ್, ಒಳಗೊಂದು 13 ಆಂಪ್ಸ್ ಫ್ಯೂಸ್, ಬ್ರಿಟಿಷರ ಬಿಎಸ್ 1363 ಸ್ಟ್ಯಾಂಡರ್ಡಿನದ್ದು. ಇಂಗ್ಲೆಂಡಲ್ಲಿ ಸಾಕೆಟ್‌ಗಳನ್ನೆಲ್ಲ ಒಂದೇ ವೈರಿನ ರಿಂಗಲ್ಲಿ ಸೇರಿಸಿ 32 ಆಂಪ್ಸ್ ಬ್ರೇಕರ್‌ಗೆ ಕೊಡ್ತಾರೆ, ಟೇಬಲ್ ಲ್ಯಾಂಪಿನ ವೈರು ಸುಟ್ರೆ ಅಷ್ಟು ದೊಡ್ಡ ಬ್ರೇಕರ್‌ಗೆ ಗೊತ್ತೇ ಆಗ್ಲಿಕ್ಕಿಲ್ಲ, ಅದಕ್ಕೇ ಪ್ಲಗ್ಗಲ್ಲೇ ಫ್ಯೂಸ್. ನಾವು ಅದನ್ನ ಕತ್ತರಿಸಿ ನಮ್ಮ ದುಂಡು ಪಿನ್ನಿನ ಪ್ಲಗ್ ಟಾಪ್ ಹಾಕ್ತೇವೆ, ಫ್ಯೂಸು ಕಸಕ್ಕೆ. ಕಂದು ಫೇಸು, ನೀಲಿ ನ್ಯೂಟ್ರಲ್ಲು, ಹಸಿರು-ಹಳದಿ ಅರ್ತು. (ನಮ್ಮಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ನ್ಯೂಟ್ರಲ್ ಕಪ್ಪು, ಹಾಗಾಗಿ ಹೊಸ ಹುಡುಗ್ರು ನೀಲಿ ಕಂಡ ಕೂಡ್ಲೇ ಬಿ ಫೇಸ್, ಅಂದ್ರೆ ಬ್ಲೂ ಫೇಸ್, ಅಂತಾರೆ, ದಿನಾ ಬೈದು ಬೈದು ಸಾಕಾಗಿದೆ.) ಮತ್ತೆ ತಲೆನೋವು ಅಂದ್ರೆ 3000 ವಾಟಿನ ಕೆಟಲ್‌ಗಳದ್ದು. ಅಡಾಪ್ಟರ್ ಸಿಕ್ಕಿಸಿ 6 ಆಂಪ್ಸ್ ಸಾಕೆಟ್‌ಗೆ ತುರುಕಿ, ಅದು ಕರಗಿದ ಮೇಲೆ ನಿಮ್ಮ ವೈರಿಂಗ್ ಸರಿ ಇಲ್ಲ ಅಂತ ಫೋನು.

ಇಷ್ಟು ಗೊತ್ತಿದ್ರೆ ಗಲ್ಫ್ ಸಾಮಾನು ಪೂರ್ತಿ ಗೊತ್ತಾಯ್ತು ಅಂತ ನನ್ನ ಲೆಕ್ಕ.

ಸುರತ್ಕಲ್‌ನಲ್ಲಿ ಒಂದು ಹೊಸ ಮನೆ, ಹ್ಯಾಂಡೋವರ್ ಹತ್ರ ಬಂದಿತ್ತು. ಯಜಮಾನ್ರು ಸೌದಿಯ ದಮ್ಮಾಮಿಂದ ಊರಿಗೆ ವಾಪಸ್ ಬಂದವ್ರು, ಸಾಮಾನೆಲ್ಲ ಹಡಗಲ್ಲಿ ಬಂದಿದೆ, ಅದ್ರಲ್ಲಿ ಒಂದೂವರೆ ಟನ್ನಿನ ಹಳೇ ವಿಂಡೋ ಎಸಿ. ಮರುದಿನ ಮಗಳ ಮೆಹೆಂದಿ, ಮೇಲಿನ ರೂಮಿಗೆ ಇದೊಂದು ಕೂರಿಸಿ ಕೊಡಿ ಅಂದ್ರು. ಎಸಿಗೆ ಅಂಟಿಸಿದ ವಿವರದ ಪ್ಲೇಟಲ್ಲಿ 220 ವೋಲ್ಟ್ ಅಂತ ನೋಡಿದೆ, ಅಲ್ಲಿಗೇ ಓದುದು ನಿಲ್ಸಿದೆ. 16 ಆಂಪ್ಸ್ ಪ್ಲಗ್ ಟಾಪ್ ಹಾಕಿ ಆನ್ ಮಾಡಿದ್ವಿ. ಫ್ಯಾನು ತಿರುಗ್ತದೆ, ಸ್ವಲ್ಪ ಆಲಸ್ಯದಲ್ಲಿ. ಕಂಪ್ರೆಸರ್ ಎದ್ದಿತು, ಆದ್ರೆ ಸ್ವರ ದಪ್ಪ, ಸ್ವಲ್ಪ ಹೊತ್ತಲ್ಲಿ ಟಕ್ ಅಂತ, ಬಿಸಿ ಜಾಸ್ತಿಯಾದ್ರೆ ತಾನೇ ನಿಲ್ಸುವ ಓವರ್‌ಲೋಡ್ ಕಟ್. ತಣಿಯಲಿ ಅಂತ ಬಿಟ್ಟು ಪುನಃ ಹಾಕಿದ್ರೆ ಪುನಃ ಕಟ್.

ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿದೆ. ಪ್ಲೇಟಲ್ಲಿ 8 ಆಂಪ್ಸ್, ಇಲ್ಲಿ 10 ದಾಟಿದೆ. ಸಪ್ಲೈ 205. ಸಂಜೆ ಹೊತ್ತು, ಮನೆಗೆಲ್ಲ ಸೀರಿಯಲ್ ಲೈಟು ಹಾಕಿದ್ದಾರೆ, ಲೋ ವೋಲ್ಟೇಜ್ ಅಲ್ಲದೆ ಮತ್ತೆಂತ? ಹುಡುಗನ್ನ ಬೈಕಲ್ಲಿ ಓಡಿಸಿ ಗೋಡೌನಿಂದ ಸ್ಟೆಬಿಲೈಸರ್ ತರಿಸಿದೆ. ಔಟ್‌ಪುಟ್ 230 ಬಂತು. ಕರೆಂಟ್ ಇಳೀಬೇಕಲ್ವಾ? 12ಕ್ಕೆ ಏರಿತು.

ಅಲ್ಲಿ ನಿಂತು ಯೋಚನೆ ಮಾಡ್ಬೇಕಿತ್ತು. ಆದ್ರೆ ಹಿಂದೆ ಯಜಮಾನ್ರ ಭಾವ ನಿಂತು "ಅಲ್ಲಿ ಇಷ್ಟು ವರ್ಷ ಒಂದು ಕಂಪ್ಲೇಂಟ್ ಇರ್ಲಿಲ್ಲ" ಅಂತ ಹೇಳ್ತಾನೇ ಇದ್ದಾರೆ, ಕೆಳಗಿಂದ ಮಕ್ಕಳು ಎಸಿ ಆಯ್ತಾ ಅಂತ ಕಿರುಚ್ತಾರೆ, ನಾನು ಗಾಬರಿಯಲ್ಲಿ ಮೀಟರನ್ನೇ ನಂಬ್ಲಿಲ್ಲ. ಕೆಪ್ಯಾಸಿಟರ್ ಹೋಗಿದೆ ಅಂತ ಜೋರು ಸ್ವರದಲ್ಲಿ ಘೋಷಣೆ ಮಾಡಿ, ಅದು ಬರುವ ತನಕ ಓಡ್ತಾ ಇರ್ಲಿ ಅಂತ ಇನ್ನೊಮ್ಮೆ ಆನ್ ಮಾಡಿದೆ. ವಾರ್ನಿಶ್ ಸುಟ್ಟ ವಾಸನೆ ಸಣ್ಣಕ್ಕೆ ಮೂಗಿಗೆ ಬಂತು. ಅಷ್ಟರಲ್ಲಿ ಸ್ಪೇರ್ಸ್ ಅಂಗಡಿಯವ್ರು ಫೋನಲ್ಲಿ, ಪ್ಲೇಟಲ್ಲಿ ಇದ್ದದ್ದು ಪೂರ್ತಿ ಓದಿ ಮಾರ್ರೆ ಅಂದ್ರು. ಟಾರ್ಚ್ ಹಿಡ್ಕೊಂಡು ಓದಿದೆ, ಇನ್ನೂರಿಪ್ಪತ್ತು ವೋಲ್ಟು, ಅರವತ್ತು ಹರ್ಟ್ಝ್... ಮುಂದಿನದ್ದು ಬಾಯಿಗೆ ಬರ್ಲೇ ಇಲ್ಲ. ಪ್ಲಗ್ ಎಳ್ದು ಬಿಸಾಡಿದೆ.

ಹರ್ಟ್ಝ್ ಅಂದ್ರೆ ಎಸಿ ಕರೆಂಟು ಹಿಂದೆ-ಮುಂದೆ ತಿರುಗುವ ಸುತ್ತು ಸೆಕೆಂಡಿಗೆ ಎಷ್ಟು ಅನ್ನುವ ಲೆಕ್ಕ. ದುಬೈ, ಕತಾರ್, ಕುವೈತ್, ಒಮಾನ್, ಬಹ್ರೇನ್ ಎಲ್ಲ ನಮ್ಮ ಹಾಗೇ 50. ಸೌದಿ ಮಾತ್ರ 60. ಪ್ಲಗ್ ನೋಡಿದ್ರೆ ವ್ಯತ್ಯಾಸ ಗೊತ್ತಾಗುದಿಲ್ಲ. ಅಲ್ಲಿ ಹಳೇ ಮನೆಗಳಲ್ಲಿ 127 ವೋಲ್ಟು, ಎಸಿಗೆ ಎರಡು ಫೇಸ್ ಸೇರಿಸಿ 220. 2010ರಲ್ಲಿ 230ಕ್ಕೆ ಬದಲಿಸುವ ತೀರ್ಮಾನ ಮಾಡಿದ್ರು, ಆದ್ರೆ ಹರ್ಟ್ಝ್ ಮುಟ್ಟಲಿಲ್ಲ. ಜಪಾನಂತೂ ಇನ್ನೂ ಚಂದ, ಟೋಕಿಯೋ ಕಡೆ 50, ಒಸಾಕಾ ಕಡೆ 60, ಒಂದೇ ದೇಶ.

60ರ ಮೋಟರಿಗೆ ಅದೇ ವೋಲ್ಟೇಜನ್ನ 50ರಲ್ಲಿ ಕೊಟ್ರೆ ಸ್ಪೀಡ್ ಆರರಲ್ಲಿ ಒಂದು ಪಾಲು ಕಡಿಮೆ, ಒಳಗಿನ ಕಬ್ಬಿಣದ ಕೋರಲ್ಲಿ ಫ್ಲಕ್ಸ್, ಅಂದ್ರೆ ಅಯಸ್ಕಾಂತದ ಹರಿವು, ಶೇಕಡ 20 ಜಾಸ್ತಿ. ಕೋರ್ ಸ್ಯಾಚುರೇಟ್ ಆಗಿ, ಅಂದ್ರೆ ಅದು ಹಿಡಿಯುವ ಮಿತಿ ಮುಟ್ಟಿ, ಮೋಟರ್ ಜಾಸ್ತಿ ಕರೆಂಟ್ ಎಳೀತದೆ, ಬಿಸಿ ಆಗ್ತದೆ. ಅಂದ್ರೆ ಆ 205 ಕಡಿಮೆ ಅಲ್ಲ, ಅದೇ ಜಾಸ್ತಿ! ಹರ್ಟ್ಝ್ ಇಳಿದಷ್ಟೇ ಪಾಲು ವೋಲ್ಟೂ ಇಳೀಬೇಕು, ಆ ಲೆಕ್ಕಕ್ಕೆ ಆ ಎಸಿಗೆ 183 ವೋಲ್ಟ್ ಸಾಕಿತ್ತು. ನಾನು ಸ್ಟೆಬಿಲೈಸರ್ ತರಿಸಿ ಅದನ್ನ ಇನ್ನಷ್ಟು ಬೇಯಿಸಿದ್ದು.

ಇಸ್ತ್ರಿಪೆಟ್ಟಿಗೆ, ಕೆಟಲ್‌ಗೆ ಹರ್ಟ್ಝ್ ಲೆಕ್ಕ ಇಲ್ಲ, ಫೋನ್ ಚಾರ್ಜರಲ್ಲಿ 50/60 ಅಂತ ಬರ್ದೇ ಇರ್ತದೆ. ನೇರ ಲೈನಲ್ಲಿ ಓಡುವ ಮೋಟರ್ ಇದ್ದದ್ದಕ್ಕೇ ಪೆಟ್ಟು.

ರಾತ್ರಿ ನಮ್ಮ ಮೇನೇಜರಿಗೆ ಹೇಳಿದ್ರೆ, ಒಂದು ಟ್ರಾನ್ಸ್‌ಫಾರ್ಮರ್ ಹಾಕಿ ಮುಗಿಸು ಅಂದ್ರು. ಟ್ರಾನ್ಸ್‌ಫಾರ್ಮರಿಂದ ಹರ್ಟ್ಝ್ ಬದಲಾಗುದಿಲ್ಲ ಅಂತ ಅವ್ರಿಗೆ ಅರ್ಥ ಮಾಡಿಸುವಷ್ಟರಲ್ಲಿ ಹನ್ನೊಂದು ಗಂಟೆ. ಕೊನೆಗೆ ಬಾಡಿಗೆಗೆ ಎರಡು ಕೂಲರ್ ತಂದಿಟ್ಟು ಮೆಹೆಂದಿ ಆಯ್ತು, ಕೂಲರ್ ಬಾಡಿಗೆ ನಮ್ಮ ಬಿಲ್ಲಲ್ಲಿ ಕಡಿತ. ಚೆಕ್‌ಲಿಸ್ಟಲ್ಲಿ ವೋಲ್ಟೇಜ್ ಪಕ್ಕ ಹರ್ಟ್ಝ್ ಅಂತ ಒಂದು ಕಾಲಂ ಸೇರ್ಸಿ ಅಂತ ಆಫೀಸಿಗೆ ಬರ್ದು ಕೊಟ್ಟಿದ್ದೇನೆ, ಪ್ರಿಂಟ್ ಮಾಡಿಸಿದ ಹಳೇ ಫಾರ್ಮ್ ಬಂಡಲ್ ಇನ್ನೂ ಉಂಟಂತೆ, ಅದು ಖಾಲಿಯಾದ ಮೇಲೆ ನೋಡ್ವ ಅಂದ್ರು.