ಹಂಪಿಯಲ್ಲಿ ಗಿಂಬಲ್ ಹಿಡಿದು ನಡೆಯುವವರಿಗೆ

ವಿಡಿಯೊ ತೆಗೆಯಲೆಂದು ಗಿಂಬಲ್ (ಕ್ಯಾಮೆರಾವನ್ನು ಸ್ಥಿರವಾಗಿಡುವ ಮೋಟಾರು ಹಿಡಿಕೆ) ಹಿಡಿದು ಹಂಪಿಗೆ ಹೊರಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಆ ಉಪಕರಣವು ಕ್ಯಾಮೆರಾ ವಾಲುವುದನ್ನು, ಹೊರಳುವುದನ್ನು, ಅತ್ತಿತ್ತ ತಿರುಗುವುದನ್ನು ತಡೆಯುತ್ತದೆಯೇ ಹೊರತು, ಹೆಜ್ಜೆ ಇಟ್ಟಂತೆಲ್ಲ ನಮ್ಮ ದೇಹವೇ ಮೇಲೆ ಕೆಳಗೆ ಆಡುವುದನ್ನು ಅದರ ಮೋಟಾರುಗಳು ಸರಿಪಡಿಸಲಾರವು.

ಆದ್ದರಿಂದ ನಾವು ಮೊದಲು ವಿರೂಪಾಕ್ಷ ದೇವಾಲಯದ ಎದುರಿನ ಬಜಾರು ಬೀದಿಯಲ್ಲಿ ನಡಿಗೆಯನ್ನು ಹದಗೊಳಿಸಿಕೊಂಡೆವು. ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಹಿಮ್ಮಡಿಯನ್ನು ಮೊದಲು ಊರಿ, ಭಾರವನ್ನು ನಿಧಾನವಾಗಿ ಬೆರಳುಗಳತ್ತ ಸರಿಸುತ್ತ, ತುಂಬಿದ ಕೊಡ ಹೊತ್ತವರಂತೆ ಸೊಂಟದ ಮೇಲಿನ ಭಾಗ ಅಲುಗದ ಹಾಗೆ ನಡೆಯಬೇಕು. ದೂರದ ಗೋಪುರವನ್ನು ತೆಗೆಯುವಾಗ ಸಣ್ಣಪುಟ್ಟ ಕುಲುಕು ಕಾಣುವುದಿಲ್ಲ. ಹತ್ತಿರದ ಕಂಬವೊಂದು ಚೌಕಟ್ಟಿಗೆ ಬಂದ ಕೂಡಲೇ ಅದು ಎದ್ದು ಕಾಣುತ್ತದೆ. ಹೇಮಕೂಟದ ಇಳಿಜಾರು ಬಂಡೆಯ ಮೇಲಂತೂ ನಡೆಯುತ್ತ ತೆಗೆಯುವುದಕ್ಕಿಂತ ಕಾಲನ್ನು ಅಗಲಿಸಿ ನಿಂತು, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಸಿ ಚಲನೆ ಪಡೆಯುವುದೇ ಸುರಕ್ಷಿತ.

ವಿಠ್ಠಲ ದೇವಾಲಯಕ್ಕೆ ಕರೆದೊಯ್ಯುವ ಬ್ಯಾಟರಿ ವಾಹನದಲ್ಲಿ ಗಿಂಬಲ್ ಆರಿಸಿಡಿ. ಇಳಿದ ಮೇಲೆ, ಮೋಟಾರು ಚಾಲೂ ಮಾಡುವ ಮುನ್ನ, ಕ್ಯಾಮೆರಾ ತಾನಾಗಿಯೇ ಸಮತೋಲದಲ್ಲಿ ನಿಲ್ಲುತ್ತದೆಯೇ ಎಂದು ನೋಡಿ. ಲೆನ್ಸ್ ಬದಲಿಸಿದರೂ ಫಿಲ್ಟರ್ ಹಾಕಿದರೂ ಈ ಪರೀಕ್ಷೆ ಮತ್ತೆ ಆಗಬೇಕು. ಬಿಸಿಲಿನಲ್ಲಿ, ಲೆನ್ಸಿನೊಳಗೆ ಹೋಗುವ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು, ಏಕೆಂದರೆ ಸೆಕೆಂಡಿಗೆ 25 ಫ್ರೇಮುಗಳಲ್ಲಿ ಚಿತ್ರೀಕರಿಸುವಾಗ ಶಟರ್ ವೇಗ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ) 1/50 ಸೆಕೆಂಡಿನ ಆಸುಪಾಸಿನಲ್ಲಿ ಉಳಿಯದಿದ್ದರೆ ಚಲನೆ ತುಂಡು ತುಂಡಾಗಿ ಕಾಣುತ್ತದೆ.

ಕಲ್ಲಿನ ರಥವನ್ನು ಬಿರಬಿರನೆ ಸುತ್ತುವ ದೃಶ್ಯವನ್ನು ಈಗ ಎಲ್ಲರೂ ತೆಗೆಯುತ್ತಾರೆ, ನನಗೆ ಅದು ತಲೆಸುತ್ತು ತರಿಸುತ್ತದೆ. ಅದರ ಬದಲು ಅಂಗಳದ ಮಂಟಪವೊಂದರಲ್ಲಿ ನಿಂತು, ಕ್ಯಾಮೆರಾದ ದಿಕ್ಕು ಬದಲಾಗದಂತೆ ಲಾಕ್ ಮೋಡಿಗೆ ಹಾಕಿ, ಮೂರು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಹತ್ತಿರದ ಕಂಬ ಬೇಗ ಸರಿದು ರಥ ನಿಧಾನವಾಗಿ ಹೊರಬರುವುದರಿಂದ ದೃಶ್ಯಕ್ಕೆ ಆಳ ಬರುತ್ತದೆ. ಪ್ರತಿ ಚಲನೆಯ ಮೊದಲೂ ಕೊನೆಯಲ್ಲೂ ಕೆಲವು ಸೆಕೆಂಡು ಅಲುಗದೆ ನಿಂತರೆ ಸಂಕಲನ ಸುಲಭವಾಗುತ್ತದೆ.

ಮಾತಂಗ ಬೆಟ್ಟ ಹತ್ತುವಾಗ ಗಿಂಬಲ್ ಚೀಲದಲ್ಲಿರಲಿ, ಕೈಗಳೆರಡೂ ಬೇಕಾಗುತ್ತವೆ. ತುದಿಯಲ್ಲಿ, ಅಚ್ಯುತರಾಯ ದೇವಾಲಯ ಕಾಣುವ ಕಡೆ, ಪಾದಗಳನ್ನು ಚಲನೆ ಮುಗಿಯಬೇಕಾದ ದಿಕ್ಕಿಗೆ ಇಟ್ಟು, ಸೊಂಟವನ್ನು ಮಾತ್ರ ಆರಂಭದ ಕಡೆಗೆ ತಿರುಗಿಸಿಕೊಂಡು ಚಿತ್ರೀಕರಣ ಶುರುಮಾಡಿ. ಆಗ ದೃಶ್ಯದ ಕೊನೆಯಲ್ಲಿ ದೇಹ ಬಿಗಿಯದೆ ಸಹಜವಾಗಿ ನಿಲ್ಲುತ್ತದೆ.