ದಿನಾ ಒಂದು ವಿಟಮಿನ್ ಸಿ ಮಾತ್ರೆ ತಗೊಂಡ್ರೆ ನೆಗಡಿ ಬರಲ್ಲ, ಅಲ್ವಾ?

ಜೂನ್‌ನಲ್ಲಿ ಕಾರವಾರಕ್ಕೆ ಮಳೆ ಹಿಡಿಯಿತು ಅಂದರೆ ನನ್ನ ಮೆಡಿಕಲ್ ಅಂಗಡಿಯಲ್ಲಿ ಈ ಪ್ರಶ್ನೆ ದಿನಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರು ಕೇಳುತ್ತಾರೆ. ಬೈಕಿನಲ್ಲಿ ನೆನೆದು ಬಂದ ಹುಡುಗರು ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ, "ಅಣ್ಣಾ, ಆ ಕಿತ್ತಳೆ ಬಣ್ಣದ ಚೀಪೋ ಮಾತ್ರೆ ಎರಡು ಸ್ಟ್ರಿಪ್ ಕೊಡಿ, ಮನೇಲಿ ಎಲ್ಲರಿಗೂ ನೆಗಡಿ ಶುರುವಾಗೋ ಮೊದಲೇ ಕೊಟ್ಟುಬಿಡ್ತೀನಿ" ಅನ್ನುತ್ತಾರೆ. ಎಲ್ಲರಿಗೂ ನಿಂತು ಉತ್ತರ ಹೇಳಲು ಆಗುವುದಿಲ್ಲ, ಹಿಂದೆ ಸಾಲು ಇರುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ನೆಗಡಿ ಬರುತ್ತದೆ. ಮಾತ್ರೆ ತಗೊಂಡರೂ ಬರುತ್ತದೆ.

ಇದು ನನ್ನ ಅಂದಾಜಲ್ಲ. ಕಾಕ್ರೇನ್ ಅನ್ನುವ ಸಂಸ್ಥೆ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುತ್ತದೆ. 2013ರಲ್ಲಿ ಅವರು 11,000ಕ್ಕೂ ಜಾಸ್ತಿ ಜನರ ಮೇಲೆ ನಡೆದ 29 ಪ್ರಯೋಗಗಳನ್ನು ನೋಡಿದರು. ದಿನವೂ ವಿಟಮಿನ್ ಸಿ ತಗೊಂಡ ಸಾಮಾನ್ಯ ಜನರಿಗೂ ತಗೊಳ್ಳದವರಿಗೂ ನೆಗಡಿ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು. ದಿನಾ ತಗೊಂಡವರಲ್ಲಿ ನೆಗಡಿ ಸ್ವಲ್ಪ ಬೇಗ ಬಿಟ್ಟಿತ್ತು, ದೊಡ್ಡವರಲ್ಲಿ ಶೇಕಡಾ 8, ಮಕ್ಕಳಲ್ಲಿ ಶೇಕಡಾ 14. ಏಳು ದಿನದ ನೆಗಡಿ ಆರೂವರೆ ದಿನಕ್ಕೆ ಇಳಿಯಿತು ಅನ್ನಿ. ಮೂಗು ಸೋರಲು ಶುರುವಾದ ಮೇಲೆ ಮಾತ್ರೆ ನುಂಗಿದವರಲ್ಲಿ ಖಚಿತ ಲಾಭ ಏನೂ ಕಾಣಲಿಲ್ಲ. ಮ್ಯಾರಥಾನ್ ಓಡುವವರು, ಕೊರೆಯುವ ಚಳಿಯಲ್ಲಿ ಕಸರತ್ತು ಮಾಡುವ ಸೈನಿಕರು, ಇಂಥವರಲ್ಲಿ ಮಾತ್ರ ನೆಗಡಿ ಅರ್ಧದಷ್ಟು ಕಡಿಮೆಯಾಗಿತ್ತು. ನಾವು ಅವರಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಅದನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಅಮೆರಿಕದ ಲೈನಸ್ ಪೌಲಿಂಗ್. ಎರಡು ನೊಬೆಲ್ ಪಡೆದ ದೊಡ್ಡ ವಿಜ್ಞಾನಿ, 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರಲ್ಲಿ ಶಾಂತಿಗೆ. 1970ರಲ್ಲಿ ಅವರು ವಿಟಮಿನ್ ಸಿ ಮತ್ತು ನೆಗಡಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಜನ ನಂಬದೆ ಇರುತ್ತಾರಾ? ಆಮೇಲಿನ ಪ್ರಯೋಗಗಳು ಅವರ ಮಾತಿಗೆ ಸಾಕ್ಷಿ ಕೊಡಲಿಲ್ಲ. ಆದರೆ ಮಾತು ಮಾತ್ರ ಊರೂರು ತಲುಪಿಬಿಟ್ಟಿತ್ತು.

ಇಷ್ಟು ಕೇಳಿದ ಕೂಡಲೇ "ಹಾಗಾದ್ರೆ ವಿಟಮಿನ್ ಸಿ ಸುಮ್ನೆನಾ?" ಅಂತ ಕೇಳಬೇಡಿ. ಅದು ಮಾಡುವ ಕೆಲಸ ನೆಗಡಿಗಿಂತ ಎಷ್ಟೋ ದೊಡ್ಡದು. ಅದನ್ನು ನಾನು ಕಣ್ಣಾರೆ ಕಂಡಿದ್ದು ಒಬ್ಬ ಅಜ್ಜನಿಂದ.

ಕೆಲವು ವರ್ಷದ ಹಿಂದಿನ ಮಾತು. ಎಪ್ಪತ್ತು ದಾಟಿದ ಒಬ್ಬರು ವಸಡಿಗೆ ಹಚ್ಚುವ ಔಷಧ ಕೇಳಿಕೊಂಡು ಬಂದರು. ಹಲ್ಲುಜ್ಜಿದರೆ ರಕ್ತ ಬರುತ್ತದೆ, ಬನ್ನು ಕಚ್ಚಿದರೂ ಬನ್ನಿನ ಮೇಲೆ ರಕ್ತ ಅಂದರು. ಬಾಯಿ ತೆರೆಯಲು ಹೇಳಿದೆ. ವಸಡು ಊದಿ ಹಲ್ಲಿನ ಮಧ್ಯೆ ಗುಳ್ಳೆಯ ಹಾಗೆ ಎದ್ದಿತ್ತು, ಬಣ್ಣ ನೇರಳೆ. ಪಂಚೆ ಸ್ವಲ್ಪ ಎತ್ತಿದಾಗ ಕಾಲು ಕಂಡಿತು. ಮೊಣಕಾಲಿನ ಕೆಳಗೆ ಒಂದೊಂದು ಕೂದಲಿನ ಬುಡದಲ್ಲೂ ಸಾಸಿವೆ ಗಾತ್ರದ ಕೆಂಪು ಚುಕ್ಕೆ, ಹಿಂದೆ ಮಂಚಕ್ಕೆ ತಾಗಿದಲ್ಲಿ ಅಂಗೈ ಅಗಲದ ಕಪ್ಪು ಕಲೆ. "ಏನು ಊಟ ಮಾಡ್ತೀರಿ ಅಜ್ಜಾ?" ಅಂದೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬೆಳಿಗ್ಗೆ ಚಾ, ಬನ್ನು. ಮಧ್ಯಾಹ್ನ ಗಂಜಿ, ಒಣಮೀನು. ರಾತ್ರಿ ಮತ್ತೆ ಚಾ, ಬಿಸ್ಕತ್ತು. ಜೊತೆಗೆ ಬೀಡಿ. ಹಣ್ಣು, ತರಕಾರಿ? "ಒಬ್ಬನಿಗೆ ಏನು ತರಕಾರಿ ತರೋದು ಮಾರಾಯಾ" ಅಂದರು.

ಔಷಧ ಕೊಡದೆ ಡಾಕ್ಟರ ಹತ್ತಿರ ಕಳಿಸಿದೆ. ಸ್ಕರ್ವಿ ಅಂತ ಗೊತ್ತಾಯಿತು. ಮೈಯಲ್ಲಿ ವಿಟಮಿನ್ ಸಿ ತೀರಾ ಕಡಿಮೆಯಾದಾಗ ಬರುವ ಕಾಯಿಲೆ. ಡಾಕ್ಟರು ಬರೆದುಕೊಟ್ಟಿದ್ದು ಅದೇ ಕಿತ್ತಳೆ ಬಣ್ಣದ ಮಾತ್ರೆ. ಒಂದೇ ವಾರಕ್ಕೆ ರಕ್ತ ನಿಂತಿತು, ಮುಂದಿನ ಕೆಲವು ವಾರಗಳಲ್ಲಿ ಕಾಲಿನ ಕಲೆ ಮಾಸಿತು. ಆ ಮಾತ್ರೆಗೆ ನಿಜವಾದ ಬೆಲೆ ಇದ್ದದ್ದು ಅಲ್ಲಿ.

ಒಳಗೆ ಆಗುವುದು ಇಷ್ಟು. ನಮ್ಮ ಚರ್ಮ, ವಸಡು, ರಕ್ತನಾಳ, ಎಲುಬು ಎಲ್ಲವನ್ನೂ ಹಿಡಿದಿಡುವ ಒಂದು ನಾರು ಇದೆ, ಕೊಲಾಜನ್ ಅಂತ. ಮೂರು ಎಳೆ ಸೇರಿಸಿ ಹೊಸೆದ ಹಗ್ಗದ ಹಾಗೆ ಅದು. ಆ ಹೊಸೆತ ಬಿಗಿಯಾಗಿ ನಿಲ್ಲಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ಅದಿಲ್ಲದಿದ್ದರೆ ಹೊಸ ಹಗ್ಗ ಸಡಿಲವಾಗಿಯೇ ತಯಾರಾಗುತ್ತದೆ. ಸಣ್ಣ ರಕ್ತನಾಳ ಒಡೆಯುತ್ತದೆ, ವಸಡು ಸಡಿಲವಾಗುತ್ತದೆ, ಗಾಯ ಮಾಯುವುದಿಲ್ಲ, ಕಾಯಿಲೆ ಬಲಿತರೆ ಹಳೇ ಗಾಯವೂ ಬಿಟ್ಟುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಆಗುವ ಕೆಲಸ ಅಲ್ಲ ಇದು. ಮೈಯಲ್ಲಿ ಸುಮಾರು 1,500 ಮಿಲಿಗ್ರಾಂ ದಾಸ್ತಾನು ಇರುತ್ತದೆ, ಅದು ಕರಗಿ ಸ್ಕರ್ವಿ ಕಾಣಿಸುವ ಮಟ್ಟಕ್ಕೆ, ಅಂದರೆ 300ರ ಕೆಳಗೆ, ಇಳಿಯಲು ಒಂದರಿಂದ ಮೂರು ತಿಂಗಳು ಬೇಕು.

ಮೇಕೆಗೆ ಈ ಕಷ್ಟ ಇಲ್ಲ. ದನ, ನಾಯಿ, ಬೆಕ್ಕು ಇವಕ್ಕೂ ಇಲ್ಲ. ಅವು ತಮ್ಮ ಯಕೃತ್ತಿನಲ್ಲೇ ಸಕ್ಕರೆಯಿಂದ ವಿಟಮಿನ್ ಸಿ ಮಾಡಿಕೊಳ್ಳುತ್ತವೆ. ಮನುಷ್ಯ, ಮಂಗ, ಗಿನಿಯಿಲಿ ಇಂಥ ಕೆಲವರಿಗೆ ಮಾತ್ರ ಆ ತಯಾರಿಯ ಕೊನೆಯ ಹಂತ ನಡೆಸುವ ಕಿಣ್ವ ಇಲ್ಲ. ಹಾಗಾಗಿ ನಾವು ದಿನಾ ಊಟದಿಂದಲೇ ತಗೊಳ್ಳಬೇಕು.

ಸ್ಕರ್ವಿ ಅಂದರೆ ಎಲ್ಲೋ ಯುರೋಪಿನ ನಾವಿಕರ ಕಾಯಿಲೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಆ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಎದುರಿನ ಕಡಲಲ್ಲೇ. ಬಿಣಗಾದ ಆಚೆ ಇರುವ ಅಂಜದೀವ ದ್ವೀಪ ಇದೆಯಲ್ಲ, ಕಲ್ಲಿಕೋಟೆಯಿಂದ ಹೊರಟ ವಾಸ್ಕೋ ಡ ಗಾಮ ಅಲ್ಲಿ ನಿಂತು ಹಡಗು ಸರಿಮಾಡಿಕೊಂಡು 1498ರ ಅಕ್ಟೋಬರ್ 5ಕ್ಕೆ ಆಫ್ರಿಕಾದ ಕಡೆ ಹೊರಟ. ಗಾಳಿ ಎದುರು ಬೀಸುವ ಕಾಲ. ಕೆಲವು ದಿನ ಗಾಳಿಯೇ ಇಲ್ಲ. ಕಡಲು ದಾಟಲು ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ವಸಡು ಊದಿ ಹಲ್ಲನ್ನೇ ಮುಚ್ಚಿತು, ತಿನ್ನಲಾಗದೆ, ಕಾಲು ಬಾತು 30 ಜನ ಸತ್ತರು ಅಂತ ಆ ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟಿದ್ದಾನೆ. ಒಂದೊಂದು ಹಡಗಿನಲ್ಲಿ ಏಳೆಂಟು ಜನ ಮಾತ್ರ ಕೆಲಸಕ್ಕೆ ಉಳಿದಿದ್ದರು. 1499ರ ಜನವರಿಯಲ್ಲಿ ಆಫ್ರಿಕಾ ಕರಾವಳಿಯ ಮಲಿಂದಿ ಮುಟ್ಟಿದಾಗ ಕಾಯಿಲೆಯವರು ಬಯಸಿದ್ದು ಕಿತ್ತಳೆ ಹಣ್ಣು. ಕೆಲವರಿಗೆ ಅದೂ ತಡವಾಗಿತ್ತು. ಸಂಜೆ ಬೀಚಿನಲ್ಲಿ ಕೂತು ಆ ಕಡೆ ನೋಡಿದಾಗ ನನಗೆ ಇದೇ ನೆನಪಾಗುತ್ತದೆ. ಅವರಿಗೆ ಬೇಕಿದ್ದದ್ದು ದಿನಕ್ಕೆ ಒಂದು ಹಣ್ಣು, ಅಷ್ಟೇ.

ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದು 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ. 12 ರೋಗಿಗಳನ್ನು ಇಬ್ಬಿಬ್ಬರಾಗಿ ಬೇರೆ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ವಾರದೊಳಗೆ ಚೇತರಿಸಿಕೊಂಡರು. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡಲು ಒಪ್ಪಿದ್ದು 1795ರಲ್ಲಿ. ನಡುವೆ ಹೋದ ಜೀವಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ವಿಟಮಿನ್ ಸಿ ಅಂದರೆ ಯಾವ ವಸ್ತು ಅಂತ ಗೊತ್ತಾಗಲು 1930ರ ದಶಕವೇ ಬರಬೇಕಾಯಿತು. ಅದನ್ನು ಬೇರ್ಪಡಿಸಿದ ಹಂಗೇರಿಯ ಸೆಂಟ್ ಗ್ಯೋರ್ಗಿ ಅವರಿಗೆ 1937ರಲ್ಲಿ ನೊಬೆಲ್ ಬಂತು.

ಈಗ ನಮ್ಮ ಅಡುಗೆಮನೆಗೆ ಬರೋಣ. ನಾನು ಎಲ್ಲಕ್ಕಿಂತ ಜಾಸ್ತಿ ಹೇಳಬೇಕು ಅಂದುಕೊಳ್ಳುವ ವಿಷಯ ನೆಗಡಿಯೂ ಅಲ್ಲ, ಸ್ಕರ್ವಿಯೂ ಅಲ್ಲ. ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಜನರಿಗೆ ರಕ್ತ ಕಡಿಮೆ. ಕರ್ನಾಟಕದಲ್ಲಿ ಸುಮಾರು 48. ರಾಗಿ, ಕಾಳು, ಹರಿವೆ ಸೊಪ್ಪು ಇವುಗಳಲ್ಲಿ ಕಬ್ಬಿಣದ ಅಂಶ ಇದೆ, ಆದರೆ ಅದನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಆ ಕಬ್ಬಿಣ ಕರುಳಿಗೆ ಒಗ್ಗುವ ರೂಪಕ್ಕೆ ಬದಲಾಗುತ್ತದೆ, ಜಾಸ್ತಿ ಒಳಗೆ ಹೋಗುತ್ತದೆ. ಚಾ ಇದಕ್ಕೆ ಪೂರ್ತಿ ಉಲ್ಟಾ. ಊಟದ ಬೆನ್ನಿಗೇ ಚಾ ಕುಡಿದರೆ ಇದ್ದ ಕಬ್ಬಿಣಕ್ಕೂ ಅಡ್ಡಗಾಲು. ಐರನ್ ಮಾತ್ರೆಯನ್ನು ಚಾ ಜೊತೆ ನುಂಗುವ ಅಕ್ಕಂದಿರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ, ಚಾಕ್ಕೂ ಮಾತ್ರೆಗೂ ಒಂದೆರಡು ಗಂಟೆ ಅಂತರ ಇರಲಿ.

ದಿನಕ್ಕೆ ಎಷ್ಟು ಬೇಕು? ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಲೆಕ್ಕದಲ್ಲಿ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65, ಬಸುರಿಯರಿಗೆ 80, ಹಾಲುಣಿಸುವ ತಾಯಂದಿರಿಗೆ 115. ಬೀಡಿ, ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ ಬೇಕು. ಆ ಮಾತ್ರೆಯಲ್ಲಿ ಇರುವುದು 500.

ನಿಂಬೆಹಣ್ಣಿನ ಮೇಲೆ ನಮಗೆಲ್ಲ ಬಹಳ ನಂಬಿಕೆ. ಒಂದು ನಿಂಬೆ ಹಿಂಡಿದರೆ ಸಿಗುವುದು 10-15 ಮಿಲಿಗ್ರಾಂ ಮಾತ್ರ. ಹುಳಿ ಇದ್ದ ಕೂಡಲೇ ವಿಟಮಿನ್ ಸಿ ಇದೆ ಅಂತ ಅಲ್ಲ, ಹುಣಸೆಹಣ್ಣಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಿಜವಾದ ಗಣಿ ಪೇರಲ. ಮೈಸೂರಿನ ಕಡೆಯವರ ಸೀಬೆಹಣ್ಣು. 100 ಗ್ರಾಂ ಹಣ್ಣಿನಲ್ಲಿ 200 ಮಿಲಿಗ್ರಾಂ ಮೇಲೆ. ಅರ್ಧ ಹಣ್ಣು ತಿಂದರೆ ಆ ದಿನದ ಲೆಕ್ಕ ಮುಗಿಯಿತು. ಬೆಟ್ಟದ ನೆಲ್ಲಿಕಾಯಿಯೂ ಅಷ್ಟೇ ಗಟ್ಟಿ. ನುಗ್ಗೆಸೊಪ್ಪು, ದೊಣ್ಣೆಮೆಣಸು, ಪಪ್ಪಾಯಿ ಇವೂ ಒಳ್ಳೆಯವೇ. ಒಣ ಹೆಸರುಕಾಳಿನಲ್ಲಿ ವಿಟಮಿನ್ ಸಿ ಇಲ್ಲದಷ್ಟೇ, ಮೊಳಕೆ ಬಂದರೆ ಹುಟ್ಟಿಕೊಳ್ಳುತ್ತದೆ.

ಬಿಸಿ, ಗಾಳಿ, ನೀರು ಈ ಮೂರೂ ಅದನ್ನು ಕಳೆಯುತ್ತವೆ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬೇಡಿ, ತೊಳೆದು ಹೆಚ್ಚಿ. ಬೇಯಿಸಿದ ನೀರು ಚೆಲ್ಲದೆ ಸಾರಿಗೆ ಹಾಕಿ. ಬಣ್ಣ ಹಸಿರಾಗಿರಲಿ ಅಂತ ಸೋಡಾಪುಡಿ ಹಾಕಿದರೆ ಇದ್ದದ್ದೂ ಹೋಯಿತು. ಚಿತ್ರಾನ್ನಕ್ಕೆ ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ನಿಂಬೆ ಹಿಂಡುತ್ತೇವಲ್ಲ, ಕಹಿಯಾಗಬಾರದು ಅಂತ. ಆ ಕ್ರಮ ವಿಟಮಿನ್ನನ್ನೂ ಉಳಿಸುತ್ತದೆ.

ಮಾತ್ರೆ ಬೇಡವೇ ಬೇಡ ಅಂತಲ್ಲ, ಡಾಕ್ಟರು ಬರೆದರೆ ತಗೊಳ್ಳಿ. ಸ್ವಂತ ಬುದ್ಧಿಯಿಂದ ದಿನಕ್ಕೆ ಎರಡು ಮೂರು ನುಂಗಬೇಡಿ. ಒಂದೇ ಸಲಕ್ಕೆ 1,000 ಮಿಲಿಗ್ರಾಂ ದಾಟಿದರೆ ಮೈ ಅದರ ಅರ್ಧವನ್ನೂ ಹೀರಿಕೊಳ್ಳುವುದಿಲ್ಲ, ಹೊಟ್ಟೆ ಕೆಡುತ್ತದೆ, ಮೈಗೆ ಸೇರಿ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಅದರಲ್ಲಿ ಸ್ವಲ್ಪ ಆಕ್ಸಲೇಟ್, ಅಂದರೆ ಕಿಡ್ನಿಯಲ್ಲಿ ಕಲ್ಲು ಕಟ್ಟಬಲ್ಲ ವಸ್ತು, ಆಗುವುದರಿಂದ ಕಿಡ್ನಿ ಕಲ್ಲು ಆದವರು ಜಾಸ್ತಿ ಡೋಸ್‌ನಿಂದ ದೂರ ಇರಬೇಕು. ಥಲಸ್ಸೀಮಿಯಾದಂತೆ ಮೈಯಲ್ಲಿ ಕಬ್ಬಿಣ ಹೆಚ್ಚಾಗುವ ಕಾಯಿಲೆ ಇದ್ದವರೂ ಕೇಳದೆ ಮುಟ್ಟಬಾರದು. ಶುಗರ್ ಇದ್ದವರು ಇನ್ನೊಂದು ಗಮನಿಸಿ, ವಿಟಮಿನ್ ಸಿ ತುಂಬಾ ಜಾಸ್ತಿ ತಗೊಂಡರೆ ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಕೆಲವು ಮಿಷನ್ನುಗಳು ತಪ್ಪು ಅಂಕಿ ತೋರಿಸುತ್ತವೆ.

ಇನ್ನೊಂದು ಹಣ್ಣಿನ ಮಾತು ಬಾಕಿ ಇದೆ. ಗೇರುಹಣ್ಣು. ಕಿತ್ತಳೆಗಿಂತ ಎಷ್ಟೋ ಪಟ್ಟು ವಿಟಮಿನ್ ಸಿ ಅದರಲ್ಲಿದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬೀಜ ತಿರುಚಿ ತೆಗೆದು ಹಣ್ಣನ್ನು ಮರದ ಬುಡದಲ್ಲೇ ಬಿಡುತ್ತಾರೆ, ಮಧ್ಯಾಹ್ನದೊಳಗೆ ನೊಣ ಮುತ್ತುತ್ತದೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯ ಹಣ್ಣು ಸಿಗುತ್ತದೆ. ತೊಳೆದು, ಅಡ್ಡ ಹೆಚ್ಚಿ, ಉಪ್ಪು ಸವರಿ ಹತ್ತು ನಿಮಿಷ ಬಿಡಿ, ಗಂಟಲು ಕೆರೆಯುವುದು ಕಡಿಮೆಯಾಗುತ್ತದೆ. ರಸ ಬಟ್ಟೆಗೆ ತಾಗದ ಹಾಗೆ ನೋಡಿಕೊಳ್ಳಿ, ಆ ಕಲೆ ಹೋಗುವುದಿಲ್ಲ.