ರೈಲಿನಿಂದ ಹುಟ್ಟಿದ ವೋಕಿಂಗ್

ಕೆಲಸಕ್ಕೆಂದು ಲಂಡನ್ನಿನ ವಾಟರ್ಲೂ ನಿಲ್ದಾಣಕ್ಕೆ ಹೋಗುವ ಬೆಳಗಿನ ರೈಲಿನ ಬಾಗಿಲು ಎಲ್ಲಿ ನಿಲ್ಲುತ್ತದೆಂದು ಬಲ್ಲವರು ಇಂಗ್ಲೆಂಡಿನ ವೋಕಿಂಗ್ ಊರಿನ ನಿಲ್ದಾಣದಲ್ಲಿ ಅಲ್ಲಲ್ಲೇ ಗುಂಪಾಗಿ ನಿಂತಿರುತ್ತಾರೆ. ಹಾಗೆಂದು ಇದನ್ನು ರಾತ್ರಿ ಮಲಗಲಷ್ಟೇ ಇರುವ ಊರೆಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. 1838ರಲ್ಲಿ ಬಯಲಿನ ನಡುವೆ ನಿಲ್ದಾಣ ಬಂದಾಗ ಇಲ್ಲಿ ಪೇಟೆಯೇ ಇರಲಿಲ್ಲ. ಹಳೆಯ ಹಳ್ಳಿ ದೂರದಲ್ಲಿತ್ತು. ಲಂಡನ್ನಿನಲ್ಲಿ ಹೆಣ ಹೂಳಲು ಜಾಗ ಸಾಲದೆ ಹೋದಾಗ ಕಂಪನಿಯೊಂದು ಇಲ್ಲಿನ ಸಾರ್ವಜನಿಕ ಬಯಲನ್ನು ಕೊಂಡು, 1854ರಲ್ಲಿ ಬ್ರೂಕ್‌ವುಡ್ ರುದ್ರಭೂಮಿಯನ್ನು ತೆರೆದು, ಮಿಕ್ಕ ನೆಲವನ್ನು ಮನೆ ಕಟ್ಟುವವರಿಗೆ ಮಾರುತ್ತಾ ಹೋದುದರಿಂದ ನಿಲ್ದಾಣದ ಸುತ್ತ ಪೇಟೆ ಬೆಳೆಯಿತು. ನನಗೆ ಎಲ್ಲಕ್ಕಿಂತ ಆಪ್ತವಾದದ್ದು ಇಲ್ಲಿನ ಹಸಿರು ಗುಮ್ಮಟದ ಪುಟ್ಟ ಮಸೀದಿ. ಭೋಪಾಲವನ್ನು ಆಳುತ್ತಿದ್ದ ಷಾಜಹಾನ್ ಬೇಗಂ ಅವರ ನೆರವಿನಿಂದ 1889ರಲ್ಲಿ ಎದ್ದ ಇದು, ಬ್ರಿಟನ್ನಿನಲ್ಲಿ ಮಸೀದಿಗೆಂದೇ ಕಟ್ಟಿದ ಮೊದಲ ಕಟ್ಟಡ.